ಆಸ್ಪತ್ರೆಯವರು ಬರೆದುಕೊಟ್ಟ ‘ಸಿಪಿಆರ್ ಬೇಡ’ ಪತ್ರವನ್ನು ಶಾಲೆಯವರು ಪಾಲಿಸಬೇಕೇ?

ಪ್ರಶ್ನೆ: ದಾವಣಗೆರೆಯಲ್ಲಿ 8ನೇ ತರಗತಿ ಓದುವ ಮಗಳಿಗೆ ವಾಸಿಯಾಗದ ಕಾಯಿಲೆ. ಹೃದಯ ನಿಂತರೆ ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಬದುಕಿಸುವ ಯತ್ನ) ಬೇಡವೆಂದು ವೈದ್ಯರು ಪತ್ರ ಬರೆದಿದ್ದಾರೆ. ಶಾಲೆಗೆ ಕೊಟ್ಟರೆ ಸಾಕೇ?

ಉತ್ತರ: ಸಾಲದು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ‘ಸಿಪಿಆರ್ ಬೇಡ’ ಮಾರ್ಗಸೂಚಿ ಚಿಕಿತ್ಸೆ ಕೊಡುವ ವೈದ್ಯರಿಗಾಗಿ ಬರೆದದ್ದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ ಮುಂಗಡ ಇಚ್ಛಾಪತ್ರ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರ) ವಯಸ್ಕರಿಗೆ ಮಾತ್ರ. ಹೃದಯ ನಿಂತಿದೆಯೋ, ಮಗು ಬರೀ ಮೂರ್ಛೆ ಹೋಗಿದೆಯೋ ಎಂದು ನಿರ್ಧರಿಸುವ ಭಾರವನ್ನು ಶಿಕ್ಷಕರ ತಲೆಗೆ ಕಟ್ಟುವುದು ನ್ಯಾಯವಲ್ಲ.

ವೈದ್ಯರಿಂದ ಕನ್ನಡದಲ್ಲಿ ಒಂದು ಪುಟದ ತುರ್ತು ಯೋಜನೆ ಬರೆಸಿಕೊಳ್ಳಿ: ಫಿಟ್ಸ್ ಬಂದರೆ ಏನು, ಉಸಿರು ಕಟ್ಟಿದರೆ ಏನು, ಯಾವ ಔಷಧಿ ಎಷ್ಟು, ಯಾವ ಆಸ್ಪತ್ರೆಗೆ, ಯಾರಿಗೆ ಫೋನ್. ಒಂದು ಪ್ರತಿ ಮುಖ್ಯೋಪಾಧ್ಯಾಯರ ಬಳಿ, ಒಂದು ತರಗತಿ ಶಿಕ್ಷಕರ ಬಳಿ, ಒಂದು ಮಗುವಿನ ಬ್ಯಾಗಿನಲ್ಲಿ ಇರಲಿ. 108 ಆಂಬುಲೆನ್ಸ್‌ನವರ ಕೈಗೆ ಇದನ್ನೇ ಕೊಡಬೇಕು. ತರಗತಿ ಶಿಕ್ಷಕರು ರಜೆಯಲ್ಲಿದ್ದ ದಿನವೂ ಎಡವಟ್ಟಾಗಬಹುದು. ಇತರ ಶಿಕ್ಷಕರಿಗೂ ತಿಳಿಸಿರಿ.

‘ಸಿಪಿಆರ್ ಬೇಡ’ ಅಂದರೆ ‘ಏನೂ ಮಾಡಬೇಡಿ’ ಅಂತಲ್ಲ. ಬಿಸಿಯೂಟದ ಮೊಟ್ಟೆ ಗಂಟಲಿಗೆ ಸಿಕ್ಕಿ ಮಗು ಕೆಮ್ಮಲೂ ಆಗದೆ ಒದ್ದಾಡುತ್ತಿದ್ದರೆ ಅದು ಕಾಯಿಲೆಯ ಕೊನೆಯಲ್ಲ. ಮುಂದಕ್ಕೆ ಬಾಗಿಸಿ ಬೆನ್ನಿಗೆ 5 ಬಾರಿ ಬಲವಾಗಿ ತಟ್ಟಬೇಕು. ಆಗದಿದ್ದರೆ ಹೊಕ್ಕುಳಿನ ಮೇಲ್ಭಾಗವನ್ನು ಹಿಂದಿನಿಂದ ತಬ್ಬಿ 5 ಬಾರಿ ಒಳಕ್ಕೆ, ಮೇಲಕ್ಕೆ ಒತ್ತಬೇಕು. ಇದನ್ನು ಪತ್ರದಲ್ಲೇ ಬರೆಸಿ.

ಗೊಂದಲವಿದ್ದರೆ ಶಿಕ್ಷಕರು 108ಕ್ಕೆ ಕರೆ ಮಾಡಿ ಸಿಪಿಆರ್ ಶುರುಮಾಡಲಿ. ನಿಲ್ಲಿಸುವ ತೀರ್ಮಾನವನ್ನು ವೈದ್ಯರು ಪತ್ರ ನೋಡಿ ಮಾಡುತ್ತಾರೆ.