ಇಬ್ಬರೇ ಮೇಷ್ಟ್ರಿರುವ ಸಂಗೀತ ವಿಭಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಊರ ಹತ್ತಿರದ ಸಣ್ಣ ಕಾಲೇಜಿನಲ್ಲಿ ಸಂಗೀತ ಓದುವ ಬಗ್ಗೆ. ಅವುಗಳಲ್ಲಿ ಆರಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ. ಆರು ವರ್ಷ ಹಿಂದೂಸ್ತಾನಿ ಗಾಯನ ಕಲಿತಿದ್ದಾಳೆ, ಬಿ.ಎ.ಯಲ್ಲಿ ಸಂಗೀತ ತೆಗೆದುಕೊಳ್ಳುತ್ತೇನೆ ಅನ್ನುತ್ತಾಳೆ. ಹತ್ತಿರದ ಕಾಲೇಜಿನಲ್ಲಿ ಸಂಗೀತ ವಿಭಾಗವಿದೆ, ಆದರೆ ಕಲಿಸುವವರು ಇಬ್ಬರೇ. ಧಾರವಾಡಕ್ಕೇ ಕಳಿಸಬೇಕೇ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಇಬ್ಬರೇ ಇದ್ದಾರೆ ಎಂಬುದು ತಾನಾಗಿಯೇ ಕೊರತೆಯಲ್ಲ. ಆ ಇಬ್ಬರ ಎದುರು ನಿಮ್ಮ ಮಗಳು ಒಬ್ಬಳೇ ಕೂತು ಹಾಡಲು ವಾರಕ್ಕೆ ಎಷ್ಟು ನಿಮಿಷ ಸಿಗುತ್ತದೆ ಎಂಬುದನ್ನು ನೋಡಿ. ಒಂದು ಗಂಟೆಯ ಪ್ರಾಯೋಗಿಕ ತರಗತಿಯಲ್ಲಿ ಹಾಜರಿಗೆ, ತಂಬೂರಿ ಕೂಡಿಸುವುದಕ್ಕೆ (ಶ್ರುತಿಗೆ ತರುವುದಕ್ಕೆ), ತಬಲಾ ಶ್ರುತಿಗೆ ಹತ್ತು ನಿಮಿಷ ಹೋಗುತ್ತದೆ. ಉಳಿದ 50 ನಿಮಿಷವನ್ನು ಐವರು ಹಂಚಿಕೊಂಡರೆ ತಲಾ 10 ನಿಮಿಷ, ಇಪ್ಪತ್ತು ಜನ ಹಂಚಿಕೊಂಡರೆ ತಲಾ ಎರಡೂವರೆ ನಿಮಿಷ. ಎರಡೂವರೆ ನಿಮಿಷದಲ್ಲಿ ಬಡಾ ಖ್ಯಾಲಿನ (ನಿಧಾನ ಲಯದ ದೊಡ್ಡ ಹಾಡಿನ) ಸ್ಥಾಯಿಯೂ, ಅಂದರೆ ಮೊದಲ ಭಾಗವೂ, ಮುಗಿಯುವುದಿಲ್ಲ. ಹೆಸರುವಾಸಿ ಕಾಲೇಜಿನ ತುಂಬಿದ ತರಗತಿಗಿಂತ ಐದಾರು ಮಕ್ಕಳಿರುವ ಸಣ್ಣ ವಿಭಾಗ ಗಾಯನಕ್ಕೆ ಒಳ್ಳೆಯದಾಗುವುದು ಈ ಒಂದೇ ಕಾರಣಕ್ಕೆ.

ಪ್ರವೇಶಕ್ಕೆ ಮುಂಚೆ, ಕೆಲಸದ ದಿನವೇ ಕಾಲೇಜಿಗೆ ಹೋಗಿ ಬನ್ನಿ. ಮೊದಲು ವೇಳಾಪಟ್ಟಿ ಕೇಳಿ ನೋಡಿ. ಪ್ರಾಯೋಗಿಕ ತರಗತಿಗಳು ಬೆಳಗಿನ ಹೊತ್ತಿನಲ್ಲಿವೆಯೇ, ಊಟದ ನಂತರದ ಕೊನೆಯ ಪೀರಿಯಡ್‌ಗೆ ತಳ್ಳಿದ್ದಾರೆಯೇ? ಆಮೇಲೆ ಇಬ್ಬರಲ್ಲಿ ಖಾಯಂ ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಎಂದು ಕೇಳಿ. ಅತಿಥಿ ಉಪನ್ಯಾಸಕರು ಕಡಿಮೆಯವರು ಎಂದು ಇದರ ಅರ್ಥವಲ್ಲ, ಎಷ್ಟೋ ಕಡೆ ವಿಭಾಗ ಉಸಿರಾಡುತ್ತಿರುವುದೇ ಅವರಿಂದ. ಆದರೆ ಅವರ ನೇಮಕ ವರ್ಷ ವರ್ಷವೂ ಹೊಸದಾಗಿ ಆಗಬೇಕು, ತರಗತಿ ಶುರುವಾದ ಮೇಲೂ ಕೆಲವೆಡೆ ಅದು ಮುಗಿದಿರುವುದಿಲ್ಲ. ಇಬ್ಬರೂ ಅತಿಥಿಗಳೇ ಆಗಿದ್ದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುವ ಸಂಭವ ಉಂಟು. ಹೋದ ವರ್ಷ ಏನಾಯಿತು ಎಂದು ಎರಡನೇ ವರ್ಷದ ಮಕ್ಕಳನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ತರಗತಿಯಲ್ಲಿ ತಬಲಾ ನುಡಿಸುವವರು ಕೂರುತ್ತಾರೆಯೇ ಎಂಬುದು. ಮೊಬೈಲ್ ಆ್ಯಪಿನ ಠೇಕಾಕ್ಕೆ (ತಬಲಾದ ತಾಳಕ್ಕೆ) ಮೂರು ವರ್ಷ ಹಾಡಿದವರು ಪರೀಕ್ಷೆಯಲ್ಲಿ ಕೈತಬಲಾ ಎದುರಾದಾಗ ಸಮ್ (ತಾಳದ ಮೊದಲ ಎಣಿಕೆ) ತಪ್ಪುತ್ತಾರೆ. ಆ್ಯಪಿನ ಲಯ ಕದಲುವುದಿಲ್ಲ, ಮನುಷ್ಯರ ಕೈ ಗಾಯಕರ ಜೊತೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಆ ಕೊಡುಕೊಳ್ಳುವಿಕೆಯ ಅಭ್ಯಾಸ ಕೈತಬಲಾ ಜೊತೆಗೇ ಆಗಬೇಕು.

ಇನ್ನೊಂದು ಮಾತು. 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಬಿ.ಎ.ಯಲ್ಲಿ ಸಂಗೀತ ಮೂರು ವಿಷಯಗಳಲ್ಲಿ ಒಂದು ಮಾತ್ರ, ಉಳಿದ ಹೊತ್ತು ಇತಿಹಾಸಕ್ಕೋ ಸಮಾಜಶಾಸ್ತ್ರಕ್ಕೋ ಹೋಗುತ್ತದೆ. ಮಗಳ ಮನಸ್ಸು ಪೂರ್ತಿ ಹಾಡಿನಲ್ಲೇ ಇದ್ದರೆ ಬಿ.ಮ್ಯೂಸಿಕ್, ಬಿ.ಪಿ.ಎ.ಯಂಥ ಪೂರ್ಣ ಸಂಗೀತದ ಪದವಿ ನೋಡಿ. ಬಿ.ಎ.ಯೇ ಸಾಕೆಂದರೆ ಹತ್ತಿರದ ಕಾಲೇಜಿಗೆ ಸೇರಿಸಿ, ಬಸ್ಸಿನ ಪ್ರಯಾಣ ತಪ್ಪಿ ಉಳಿಯುವ ಎರಡು ಗಂಟೆ ರಿಯಾಜಿಗೆ (ಅಭ್ಯಾಸಕ್ಕೆ) ಸಿಗಲಿ.

ಪ್ರಶ್ನೆ: ನಮ್ಮ ವಿಭಾಗದ ಸರ್ ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯವರು, ಮೇಡಂ ಜೈಪುರ-ಅತ್ರೌಲಿಯವರು. ಒಂದೇ ರಾಗವನ್ನು ಇಬ್ಬರೂ ಬೇರೆ ಬೇರೆ ಥರ ಹೇಳಿಕೊಡುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಎದುರು ಹಾಡಿದರೆ ತಿದ್ದುತ್ತಾರೆ. ಯಾರ ಮಾತು ಕೇಳಲಿ?
— ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದಾರೆ. ಗೊಂದಲ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ನೋಡೋಣ.

ಕಿರಾಣಾದಲ್ಲಿ ಬಡಾ ಖ್ಯಾಲ್ ಹೆಚ್ಚಾಗಿ ಅತಿ ವಿಲಂಬಿತ (ಬಹಳ ನಿಧಾನದ) ಏಕತಾಲದಲ್ಲಿ ನಡೆಯುತ್ತದೆ. ಮಾತ್ರೆ (ತಾಳದ ಎಣಿಕೆ) 12, ಒಂದೊಂದು ಮಾತ್ರೆಗೆ ನಾಲ್ಕೈದು ಸೆಕೆಂಡು, ಅಂದರೆ ಒಂದು ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) ಹೆಚ್ಚುಕಡಿಮೆ ಒಂದು ನಿಮಿಷ. ಅಷ್ಟು ಅವಕಾಶವಿರುವುದರಿಂದ ಒಂದೊಂದೇ ಸ್ವರದ ಮೇಲೆ ನಿಂತು ಬಢತ್ ಮಾಡಬಹುದು, ಅಂದರೆ ರಾಗವನ್ನು ಮೆಲ್ಲಗೆ ಬೆಳೆಸಬಹುದು. ಜೈಪುರದ ಕಡೆ ವಿಲಂಬಿತ ತೀನತಾಲಕ್ಕೆ ಒಲವು ಹೆಚ್ಚು, ಲಯವೂ ಅಷ್ಟು ನಿಧಾನವಲ್ಲ. 16 ಮಾತ್ರೆ ಸುಮಾರು 20–25 ಸೆಕೆಂಡಿನಲ್ಲಿ ಸುತ್ತಿ ಬರುತ್ತದೆ. ಅಲ್ಲಿ ಒಂದು ಸ್ವರದ ಮೇಲೆ ಬಹಳ ಹೊತ್ತು ನಿಂತರೆ ಸಮ್ ಕೈತಪ್ಪುತ್ತದೆ. ಹಾಗಾಗಿ ಸ್ವರಗಳನ್ನು ಸುತ್ತು ಸುತ್ತಾಗಿ ಹೆಣೆದು, ಲಯದ ಜೊತೆಗೇ ಸಾಗುತ್ತಾರೆ. ನೀವು ಸರ್ ಹೇಳಿದ ಆಲಾಪವನ್ನು ಮೇಡಂ ಹಿಡಿದ ಲಯಕ್ಕೆ ಕೂರಿಸಲು ಹೋಗುತ್ತಿದ್ದೀರಿ, ಅದು ಕೂರುತ್ತಿಲ್ಲ. ಅವರು ತಿದ್ದುತ್ತಿರುವುದು ಇದನ್ನೇ ಇರಬೇಕು.

ಮೊದಲ ಎರಡು ವರ್ಷ ಬಡಾ ಖ್ಯಾಲಿಗೆ ಒಬ್ಬರನ್ನೇ ಹಿಡಿಯಿರಿ. ಕಂಠ ಯಾರಿಗೆ ಹೆಚ್ಚು ಒಗ್ಗುತ್ತದೋ ಅವರು. ಇನ್ನೊಬ್ಬರಿಂದ ಛೋಟಾ ಖ್ಯಾಲ್ (ವೇಗದ ಚಿಕ್ಕ ಹಾಡು), ತರಾನಾ (ಅರ್ಥವಿಲ್ಲದ ಬೋಲುಗಳ ಹಾಡು), ಲಯಕಾರಿ (ಲಯದ ಆಟ), ಎರಡು ರಾಗ ಬೆರೆತ ಜೋಡುರಾಗಗಳ ಚೀಜು (ಹಾಡು) ಕಲಿಯಿರಿ. ಇದನ್ನು ಇಬ್ಬರಿಗೂ ಮೊದಲೇ ತಿಳಿಸಿಬಿಡಿ, ಮುಚ್ಚಿಟ್ಟರೆ ಮನಸ್ತಾಪವಾಗುತ್ತದೆ. ನೋಟ್‌ಬುಕ್ಕಿನ ಎಡಪುಟದಲ್ಲಿ ಒಬ್ಬರ ಪಾಠ, ಬಲಪುಟದಲ್ಲಿ ಅದೇ ರಾಗದಲ್ಲಿ ಇನ್ನೊಬ್ಬರ ಪಾಠ ಬರೆದಿಡಿ. ಆರು ತಿಂಗಳಲ್ಲಿ ವ್ಯತ್ಯಾಸ ನಿಮಗೇ ಕಾಣುತ್ತದೆ.

ನಮ್ಮ ಕಡೆಯ ದೊಡ್ಡವರೂ ಒಂದಕ್ಕಿಂತ ಹೆಚ್ಚು ಕಡೆ ಕಲಿತವರೇ. ಮಲ್ಲಿಕಾರ್ಜುನ ಮನ್ಸೂರರು ಮೊದಲು ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪಾಠ ಮಾಡಿ, ಆಮೇಲೆ ಮಂಜೀಖಾನ್ ಮತ್ತು ಬುರ್ಜೀಖಾನ್ ಅವರಲ್ಲಿ ಜೈಪುರ-ಅತ್ರೌಲಿ ಕಲಿತರು. ಗಂಗೂಬಾಯಿ ಹಾನಗಲ್ ಕೃಷ್ಣಾಚಾರ್ಯ ಹುಲಗೂರರಲ್ಲಿ ಕಲಿತ ನಂತರ ಕುಂದಗೋಳದ ಸವಾಯಿ ಗಂಧರ್ವರ ಬಳಿ ಹೋದರು. ಅವರು ಒಂದು ಪಾಠ ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಹೋದರು, ನಿಮ್ಮ ಕಾಲೇಜಿನಲ್ಲಿ ಎರಡೂ ಒಂದೇ ದಿನ ನಡೆಯುತ್ತವೆ. ಅದಕ್ಕೇ ಈ ವಿಂಗಡಣೆ ಬೇಕು.

ಪ್ರಶ್ನೆ: ಕಾಲೇಜಿನಲ್ಲಿ ಮಿರಜದಿಂದ ತಂದ ಒಳ್ಳೆಯ ತಂಬೂರಿ ಇದೆ, ಆದರೆ ಎಷ್ಟು ಕೂಡಿಸಿದರೂ ಹತ್ತು ನಿಮಿಷಕ್ಕೆ ಶ್ರುತಿ ಇಳಿಯುತ್ತದೆ. ಹಾಗಾಗಿ ಯಾರೂ ಮುಟ್ಟುವುದಿಲ್ಲ, ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಗತಿ. ಏನು ಮಾಡಬೇಕು?
— ವಿದ್ಯಾರ್ಥಿ, ಕೊಪ್ಪಳ

ಉತ್ತರ: ದಯವಿಟ್ಟು ಅದನ್ನು ಮತ್ತೆ ಬಳಕೆಗೆ ತನ್ನಿ. ಕಿವಿ ತಯಾರಾಗುವುದು ತಂಬೂರಿ ಕೂಡಿಸುವಾಗಲೇ.

ಇಳಿಯಲು ಮುಖ್ಯ ಕಾರಣ ಬಿರಡೆ (ತಂತಿ ಬಿಗಿಯುವ ತಿರುಗಣೆ) ಜಾರುವುದು. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ರಂಧ್ರದಲ್ಲಿ ಹಿಡಿತ ಇರುವುದಿಲ್ಲ. ತಂತಿ ಸಡಿಲಿಸಿ ಬಿರಡೆ ಹೊರತೆಗೆಯಿರಿ. ರಂಧ್ರಕ್ಕೆ ತಾಗುವ ಭಾಗದಲ್ಲಿ ಹೊಳಪು ಬಂದಿರುತ್ತದೆ, ಅಲ್ಲಿಗೆ ಬಿಳಿ ಸೀಮೆಸುಣ್ಣ ಉಜ್ಜಿ. ಮತ್ತೆ ಹಾಕಿ, ತಿರುಗಿಸುವಾಗ ಒಳಕ್ಕೆ ಒತ್ತುತ್ತಾ ತಿರುಗಿಸಿ. ಎಣ್ಣೆ, ಗೋಂದು ಏನನ್ನೂ ಹಚ್ಚಬೇಡಿ. ಮಳೆಗಾಲದಲ್ಲಿ ಇದರ ಉಲ್ಟಾ, ಮರ ಉಬ್ಬಿ ಬಿರಡೆ ಕಚ್ಚಿಕೊಳ್ಳುತ್ತದೆ. ಆಗ ಬಲ ಹಾಕಿ ತಿರುಗಿಸಿದರೆ ಬಿರಡೆಯ ತಲೆ ಮುರಿಯುತ್ತದೆ. ಸ್ವಲ್ಪ ಹೊರಕ್ಕೆ ಎಳೆದು ತಿರುಗಿಸಿ.

ಕೂಡಿಸುವಾಗ ಮೊದಲು ನಡುವಿನ ಜೋಡಿ ತಂತಿಗಳನ್ನು ಷಡ್ಜಕ್ಕೆ (ಸ) ತನ್ನಿ. ಎರಡನ್ನೂ ಒಟ್ಟಿಗೆ ಮೀಟಿದರೆ ವ್ಯತ್ಯಾಸವಿದ್ದಲ್ಲಿ ನಾದ ‘ವಂವ್ ವಂವ್’ ಎಂದು ಅಲೆಯುತ್ತದೆ. ಹತ್ತಿರ ಬಂದ ಹಾಗೆ ಅಲೆ ನಿಧಾನವಾಗುತ್ತದೆ, ಕೂಡಿದಾಗ ನಿಂತುಬಿಡುತ್ತದೆ. ಆಮೇಲೆ ನಾಲ್ಕನೆಯ ದಪ್ಪ ತಂತಿಯನ್ನು ಮಂದ್ರ (ಕೆಳ ಸಪ್ತಕದ) ಷಡ್ಜಕ್ಕೆ, ಕೊನೆಗೆ ಮೊದಲ ತಂತಿಯನ್ನು ಮಂದ್ರ ಪಂಚಮಕ್ಕೆ. ಬಿರಡೆ ತಿರುಗಿಸಿ ಶ್ರುತಿಯನ್ನು ಒಂದು ಕೂದಲೆಳೆ ಕೆಳಗೇ ನಿಲ್ಲಿಸಿ, ಉಳಿದದ್ದನ್ನು ತಂತಿಗೆ ಪೋಣಿಸಿದ ಮಣಿಯಿಂದ ಏರಿಸಿ. ಮಣಿಯನ್ನು ಕುದುರೆಯಿಂದ (ತಂತಿಗಳನ್ನು ಹೊರುವ ಸೇತುವೆಯಂಥ ತುಂಡಿನಿಂದ) ದೂರ, ಕೆಳಕ್ಕೆ ಸರಿಸಿದರೆ ಶ್ರುತಿ ಏರುತ್ತದೆ, ಕುದುರೆಯ ಕಡೆಗೆ ತಂದರೆ ಇಳಿಯುತ್ತದೆ.

ಕೊನೆಗೆ ಕುದುರೆಯ ಮೇಲಿನ ದಾರ. ತಂತಿಯ ಅಡಿಯಲ್ಲಿ ಅದನ್ನು ಅಕ್ಕಿಕಾಳಿನ ದಪ್ಪಕ್ಕಿಂತಲೂ ಕಡಿಮೆ ಸರಿಸುತ್ತಾ ಮೀಟುತ್ತಾ ಹೋಗಿ. ಒಂದು ಜಾಗದಲ್ಲಿ ಮಂಕಾಗಿದ್ದ ತಂತಿ ತಟ್ಟನೆ ಬಾಯಿಬಿಡುತ್ತದೆ. ಅಲ್ಲೇ ನಿಲ್ಲಿಸಿ. ನಾಲ್ಕರಲ್ಲಿ ಒಂದು ಮಾತ್ರ ಬಾಯಿಬಿಡದಿದ್ದರೆ ಕುದುರೆಯ ಮೇಲ್ಮೈಯಲ್ಲಿ ತಂತಿ ಕೊರೆದ ಗೆರೆ ಬಿದ್ದಿರುತ್ತದೆ. ಆಗ ಜವಾರಿ ತೆಗೆಸಬೇಕು, ಅಂದರೆ ಕುದುರೆಯ ಮೇಲ್ಮೈಯನ್ನು ಮತ್ತೆ ತಿದ್ದಿಸಬೇಕು. ಅದು ಕುಶಲಕರ್ಮಿಯ ಕೆಲಸ. ನೀವೇ ಉಜ್ಜುಕಾಗದ ಹಿಡಿಯಬೇಡಿ.

ಮಾಲಕಂಸ ರಾಗದಲ್ಲಿ ಪಂಚಮವಿಲ್ಲ, ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುವುದನ್ನು ಮರೆಯಬೇಡಿ. ಕಿಟಕಿಯ ಬಿಸಿಲು ಬೀಳುವಲ್ಲಿ ಇಡಬೇಡಿ, ಸೋರೆಬುರುಡೆ ಬಿರಿಯುತ್ತದೆ.

ಪ್ರಶ್ನೆ: ತರಗತಿಯಲ್ಲಿ ಹುಡುಗಿಯರು ಒಂಬತ್ತು, ಹುಡುಗರು ಇಬ್ಬರು. ಕಪ್ಪು ನಾಲ್ಕರಲ್ಲಿ (ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯನ್ನು ಷಡ್ಜವಾಗಿ ಇಟ್ಟು) ಹಾಡಿಸುತ್ತಾರೆ. ತಾರಕ್ಕೆ (ಮೇಲಿನ ಸಪ್ತಕಕ್ಕೆ) ಹೋದರೆ ಗಂಟಲು ನೋಯುತ್ತದೆ.
— ವಿದ್ಯಾರ್ಥಿ, ಬಳ್ಳಾರಿ

ಉತ್ತರ: ನೋಯುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಗಂಡುಧ್ವನಿಯ ಷಡ್ಜ ಸಾಮಾನ್ಯವಾಗಿ ಕಪ್ಪು ಒಂದರಿಂದ ಕಪ್ಪು ಎರಡರ ಆಸುಪಾಸು. ಕಪ್ಪು ನಾಲ್ಕನ್ನು ಮೇಲೆ ಹಿಡಿದರೆ ತಾರ ಷಡ್ಜ ಕಿರುಚಾಟವಾಗುತ್ತದೆ, ಒಂದು ಸಪ್ತಕ ಕೆಳಗೆ ಹಿಡಿದರೆ ಮಂದ್ರ ಕೇಳಿಸುವುದೇ ಇಲ್ಲ. ಅದೇ ತಂಬೂರಿಗೆ ಕಪ್ಪು ಒಂದನ್ನು ಷಡ್ಜ ಮಾಡಿ ಹಾಡಲೂ ಆಗದು, ನಿಮ್ಮ ಷಡ್ಜ ನುಡಿಯುವ ತಂತಿಯೇ ಅಲ್ಲಿಲ್ಲ. ಆದರೆ ಒಂದು ದಾರಿ ಉಂಟು. ಕಪ್ಪು ನಾಲ್ಕರ ತಂಬೂರಿಯಲ್ಲಿ ಪಂಚಮದ ತಂತಿ ನುಡಿಯುವುದು ಕಪ್ಪು ಎರಡನ್ನು. ಅದನ್ನೇ ಷಡ್ಜವೆಂದು ಹಿಡಿದರೆ ಜೋಡಿ ತಂತಿಗಳು ನಿಮಗೆ ಮಧ್ಯಮವಾಗುತ್ತವೆ. ಬಾಗೇಶ್ರೀ, ಮಾಲಕಂಸದಂಥ ಮಧ್ಯಮ ಪ್ರಧಾನ ರಾಗಗಳನ್ನು ನಿಮ್ಮ ಸರದಿ ಬಂದಾಗ ಹೀಗೆ ಹಾಡಬಹುದು. ಎಲ್ಲರೂ ಒಟ್ಟಿಗೆ ಹಾಡುವಾಗ ಮಾತ್ರ ಬೇಡ, ಕಲಸುಮೇಲೋಗರವಾಗುತ್ತದೆ. ಉಳಿದ ರಾಗಗಳಿಗೆ ನಿಮ್ಮಿಬ್ಬರಿಗೂ ಕೊನೆಯ 15 ನಿಮಿಷ ಬೇರೆ ಶ್ರುತಿಯಲ್ಲಿ ಕೊಡಿ ಎಂದು ಮೇಷ್ಟ್ರನ್ನು ಕೇಳಿ. ಸಣ್ಣ ವಿಭಾಗದಲ್ಲಿ ಇದು ಆಗುವ ಮಾತು. ಧ್ವನಿ ಒಡಕು ಎರಡು ಮೂರು ವಾರವಾದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಕರ್ನಾಟಕ ಸಂಗೀತದ ಮೊದಲ ವರ್ಷ. ಅಲಂಕಾರಗಳಲ್ಲಿ (ಆರಂಭದ ಸ್ವರಪಾಠಗಳಲ್ಲಿ) ಝಂಪೆ ತಾಳ ಪ್ರತಿಸಲ ತಪ್ಪುತ್ತದೆ, ಮೂರನೇ ಕಾಲದಲ್ಲಂತೂ (ನಾಲ್ಕು ಪಟ್ಟು ವೇಗದಲ್ಲಂತೂ) ಎಲ್ಲವೂ ತಪ್ಪುತ್ತದೆ.
— ವಿದ್ಯಾರ್ಥಿನಿ, ಹಾಸನ

ಉತ್ತರ: ಝಂಪೆ ತಪ್ಪುವ ಜಾಗ ಹೆಚ್ಚಾಗಿ ಒಂದೇ. ತಾಳದ ಮೊದಲ ಭಾಗವಾದ ಮಿಶ್ರ ಜಾತಿ ಲಘುವಿಗೆ ಏಳು ಅಕ್ಷರ (ಎಣಿಕೆ): ಒಂದು ತಟ್ಟು, ಆರು ಬೆರಳೆಣಿಕೆ. ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ಐದಾಯಿತು, ಆರನೆಯದಕ್ಕೆ ಮತ್ತೆ ಕಿರುಬೆರಳಿಗೆ ಬರಬೇಕು. ಹೆಬ್ಬೆರಳು ಮುಗಿದ ಕೂಡಲೇ ಕೈ ತಾನಾಗಿ ಅನುದ್ರುತದ (ಮುಂದಿನ ಒಂದಕ್ಷರದ ಭಾಗದ) ತಟ್ಟಿಗೆ ಹೋಗುತ್ತದೆ, ಹತ್ತರ ತಾಳ ಒಂಬತ್ತಾಗುತ್ತದೆ. ಒಂದು ವಾರ ಹಾಡದೆ, ಬಾಯಲ್ಲಿ ಒಂದರಿಂದ ಹತ್ತು ಎಣಿಸುತ್ತಾ ಬರೀ ತಾಳ ಹಾಕಿ. ‘ಏಳು’ ಎನ್ನುವಾಗ ಕಿರುಬೆರಳು, ‘ಎಂಟು’ ಎನ್ನುವಾಗ ತಟ್ಟು.

ಮೂರನೇ ಕಾಲ ತಪ್ಪುವುದು ಮೊದಲ ಕಾಲದಿಂದ. ಅಕ್ಷರಕ್ಕೆ ಒಂದು ಸ್ವರದಂತೆ ನಿಮಿಷಕ್ಕೆ 80 ಅಕ್ಷರದ ವೇಗದಲ್ಲಿ ಶುರುಮಾಡಿದರೆ ಮೂರನೇ ಕಾಲದಲ್ಲಿ ನಿಮಿಷಕ್ಕೆ 320 ಸ್ವರ, ಸೆಕೆಂಡಿಗೆ ಐದಕ್ಕೂ ಮೇಲೆ. ಹೊಸಬರ ನಾಲಗೆ ಓಡುವುದಿಲ್ಲ, ತಾಳವನ್ನೇ ಎಳೆಯುತ್ತಾರೆ. 45ರಿಂದ ಶುರುಮಾಡಿ. ಮೂರೂ ಕಾಲ ಅಲುಗದೆ ಬಂದ ದಿನ 3 ಏರಿಸಿ, 60 ಮುಟ್ಟಿದರೆ ಮೊದಲ ವರ್ಷಕ್ಕೆ ಸಾಕು. ಖಂಡ ಜಾತಿ ಅಟ್ಟ ತಾಳಕ್ಕೆ ಅಕ್ಷರ 14, ಮೂರನೇ ಕಾಲದಲ್ಲಿ ಒಂದು ಆವರ್ತಕ್ಕೆ 56 ಸ್ವರ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಬಿ.ಎ. ಮಾಡಿದ್ದೇನೆ, ಆಕಾಶವಾಣಿಯ ‘ಬಿ ಹೈ’ ಶ್ರೇಣಿ ಇದೆ. ಎಂ.ಎ. ಇಲ್ಲದೆ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕನಾಗಬಹುದೇ? ಮುಂದಿನ ಕಲಿಕೆಗೆ ನೆರವು ಸಿಗುವುದೇ?
— ಗಾಯಕ, 24 ವರ್ಷ, ಗದಗ

ಉತ್ತರ: ಸದ್ಯಕ್ಕೆ ಆಗದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಸಂಗೀತಕ್ಕೆ ಎರಡು ದಾರಿಗಳಿವೆ. ಒಂದು, ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ (ರಾಷ್ಟ್ರ, ರಾಜ್ಯ ಮಟ್ಟದ ಅಧ್ಯಾಪಕ ಅರ್ಹತಾ ಪರೀಕ್ಷೆಗಳು). ಇನ್ನೊಂದು ಕಲಾವಿದರಿಗೆ: ಪದವಿ, ಹೆಸರಾಂತ ಗುರುಗಳಲ್ಲಿ ಕಲಿಕೆ, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಶ್ರೇಣಿ, ವಿಷಯವನ್ನು ತರ್ಕಬದ್ಧವಾಗಿ ವಿವರಿಸುವ ಮತ್ತು ಶಾಸ್ತ್ರವನ್ನು ಉದಾಹರಣೆ ಸಹಿತ ಕಲಿಸುವ ಸಾಮರ್ಥ್ಯ. ‘ಬಿ ಹೈ’ಗೆ ಈ ಬಾಗಿಲು ತೆರೆಯುವುದಿಲ್ಲ. ಶ್ರೇಣಿ ಏರುವವರೆಗೆ ಕಾಯುವುದಕ್ಕಿಂತ ಎಂ.ಎ.ಗೆ ಸೇರಿಕೊಳ್ಳಿ. ನೆಟ್‌ನಲ್ಲಿ ಸಂಗೀತದ ವಿಷಯ ಸಂಖ್ಯೆ 16. ಹಾಡಿಸುವುದಿಲ್ಲ, ಎರಡು ಪತ್ರಿಕೆ ಸೇರಿ 150 ಬಹುಆಯ್ಕೆ ಪ್ರಶ್ನೆ, ಮೂರು ಗಂಟೆ. ಚೆನ್ನಾಗಿ ಹಾಡುವವರು ಅಲ್ಲಿ ಸೋಲುವುದು ಗ್ರಂಥಗಳ ಕಾಲಾನುಕ್ರಮ, ಶ್ರುತಿ-ಗ್ರಾಮ-ಮೂರ್ಛನೆಗಳಂಥ ಶಾಸ್ತ್ರವಿಷಯಗಳಲ್ಲಿ. ಇವನ್ನು ಎಂ.ಎ. ಮೊದಲ ವರ್ಷದಿಂದಲೇ ಓದುತ್ತಾ ಬನ್ನಿ.

ನೆರವಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ನೋಡಿ: ವಯಸ್ಸು 18ರಿಂದ 25, ಗುರುವಿನ ಬಳಿ ಕನಿಷ್ಠ ಐದು ವರ್ಷದ ಕಲಿಕೆ, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ನಿಮಗೆ 24 ಆಗಿದೆ, ಮುಂದಿನ ಪ್ರಕಟಣೆಯನ್ನೇ ಹಿಡಿಯಬೇಕು. ಐದು ವರ್ಷ ಕಲಿತದ್ದಕ್ಕೆ ಗುರುಗಳ ಸಹಿಯ ಪತ್ರವನ್ನು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಸ್ಪಷ್ಟವಾಗಿ ಬರೆಸಿ, ಈಗಲೇ ತೆಗೆದಿಟ್ಟುಕೊಳ್ಳಿ.