ಎರಡೂ ಕಡೆ ಒಂದೇ ದಿನ ಬೇಡ ಅಮ್ಮಾ

ಓದುಗರ ಪತ್ರ: ನನ್ನ ಮಗನಿಗೆ 26 ವರ್ಷ. ಚಿಕ್ಕಂದಿನಿಂದ ಹಾಕಿ ಆಡುತ್ತಾನೆ. ಎರಡು ವರ್ಷದಿಂದ ಸೊಂಟ ನೋವು, ಎಡಗಡೆ ಜಾಸ್ತಿ. ಎರಡೂ ಕಡೆ ಮೂಳೆ ಉಬ್ಬಿದೆ, ಕೀಹೋಲ್ ಆಪರೇಷನ್‌ನಲ್ಲಿ ಒಂದೇ ದಿನ ಮುಗಿಸಿಬಿಡೋಣ ಎಂದು ಒಬ್ಬ ಡಾಕ್ಟರು ಹೇಳಿದ್ದಾರೆ. ಇನ್ನೊಬ್ಬರು ಒಂದೊಂದಾಗಿ ಮಾಡಿಸಿ ಎನ್ನುತ್ತಾರೆ. ಜೂನ್‌ನಲ್ಲಿ ಮಾಡಿಸುವ ಯೋಚನೆ ಇದೆ. ಇದು ಎಷ್ಟು ಸೇಫ್?
– ಒಬ್ಬ ತಾಯಿ, ನಾಪೋಕ್ಲು

ಅಮ್ಮಾ,

ನಾನು ಡಾಕ್ಟರಲ್ಲ. ಆದರೆ ಇದೇ ಆಪರೇಷನ್ ನನ್ನ ಎಡಗಡೆಗೆ ಆಗಿದೆ. ಆಗ ಓದಿದ್ದು, ಕೇಳಿ ತಿಳಿದದ್ದು, ಅನುಭವಿಸಿದ್ದು ಮೂರನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ‘ಸೊಂಟ’ ಅನ್ನುವ ಮಾತು. ನಮಗೆ ಬೆನ್ನಿನ ಕೆಳಭಾಗವೂ ಸೊಂಟ, ತೊಡೆ ಸೇರುವ ಕೀಲೂ ಸೊಂಟ. ನಾನು ಸೊಂಟ ನೋವು ಅಂದೆ, ಒಂದು ವರ್ಷ ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ಓಡಾಡಿದೆ. ಕೊನೆಗೆ ಒಬ್ಬರು ಫಿಸಿಯೋಥೆರಪಿಸ್ಟ್ “ಬಾಯಲ್ಲಿ ಹೇಳಬೇಡಿ, ಕೈಯಿಟ್ಟು ತೋರಿಸಿ” ಅಂದರು. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ತೊಡೆಸಂದಿಗೆ ಬರುವ ಹಾಗೆ ಪಕ್ಕವನ್ನು ಹಿಡಿದು ತೋರಿಸಿದೆ. “ಇದು ಕೀಲಿನ ನೋವು” ಅಂದರು. ನಿಮ್ಮ ಮಗನಿಗೂ ಹೀಗೇ ತೋರಿಸಲು ಹೇಳಿ.

ಈ ಕೀಲು ಬಟ್ಟಲಿನಲ್ಲಿ ಕೂತ ಚೆಂಡಿನಂತೆ. ಬಟ್ಟಲಿನ ಅಂಚಿಗೆ ವಾಷರ್ ಥರ ಒಂದು ಮೆತ್ತನೆಯ ಪಟ್ಟಿ ಇದೆ, ಅದನ್ನು ಲ್ಯಾಬ್ರಮ್ ಅನ್ನುತ್ತಾರೆ. ಚೆಂಡಿನ ಕುತ್ತಿಗೆ ಉಬ್ಬಿದ್ದರೆ, ಬಗ್ಗಿದಾಗ, ಕಾಲು ಮಡಚಿ ಕೂತಾಗ ಆ ಉಬ್ಬು ಪಟ್ಟಿಯನ್ನು ಒತ್ತಿ ಹರಿಯುತ್ತದೆ. ಇದನ್ನು ಸ್ವಿಟ್ಜರ್ಲೆಂಡಿನ ಗಾಂಜ್ ಎಂಬ ಸರ್ಜನ್ ಮತ್ತು ಅವರ ಜೊತೆಯವರು 2003ರಲ್ಲಿ ವಿವರವಾಗಿ ಬರೆದ ಮೇಲೆ ಈ ಆಪರೇಷನ್ ಹೆಚ್ಚಾಯಿತು. ಎಲುಬು ಬೆಳೆಯುವ ವಯಸ್ಸಿನಲ್ಲಿ ತುಂಬಾ ಆಡಿದ ಮಕ್ಕಳಲ್ಲಿ ಈ ಉಬ್ಬು ಜಾಸ್ತಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯನ್ನು ನೋಡುತ್ತಾ, ಹತ್ತು ವರ್ಷಕ್ಕೇ ಸ್ಟಿಕ್ ಹಿಡಿದು ಬೆಳೆದ ಹುಡುಗರು ನಮ್ಮಲ್ಲಿ ಎಷ್ಟಿಲ್ಲ, ಅಲ್ವಾ?

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಯಾವ ನೋವೂ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಈ ಉಬ್ಬು ಕಾಣುತ್ತದೆ. ಎಕ್ಸ್‌ರೇಯಲ್ಲಿ ಕಂಡಿತು ಅಂತ ಸುಮ್ನೆ ಆಪರೇಷನ್ ಮಾಡಿಸುವುದಲ್ಲ, ನೋಯುವ ಕೀಲಿಗೆ ಮಾಡಿಸುವುದು.

ಒಂದು ಕಡೆಯ ಆಪರೇಷನ್ ಸಾಕಷ್ಟು ಸೇಫ್. ಎರಡು ಮೂರು ಸಣ್ಣ ತೂತು, ಒಳಗೆ ಕ್ಯಾಮೆರಾ. ಆದರೆ ಒಳಗೆ ಹೋಗಲು ಚೆಂಡನ್ನು ಬಟ್ಟಲಿನಿಂದ ಸುಮಾರು ಒಂದು ಸೆಂಟಿಮೀಟರ್ ಎಳೆದು ಹಿಡಿಯಬೇಕು. ತೊಂದರೆಗಳಲ್ಲಿ ಹೆಚ್ಚಿನವು ಈ ಎಳೆತದಿಂದಲೇ ಬರುತ್ತವೆ. ಅದಕ್ಕೇ ಎಳೆತ ಎರಡು ಗಂಟೆ ಮೀರದಂತೆ ನೋಡಿಕೊಳ್ಳುತ್ತಾರೆ. ತೊಡೆಯ ಮೇಲೋ ಗುಪ್ತಾಂಗದ ಹತ್ತಿರವೋ ಜೋಮು ಹಿಡಿಯಬಹುದು, ಸಾಮಾನ್ಯವಾಗಿ ಕೆಲವು ವಾರದಲ್ಲಿ ಹೋಗುತ್ತದೆ. ನನಗೆ ತೊಡೆಯ ಹೊರಮೈ ಮೂರು ತಿಂಗಳು ಮರಗಟ್ಟಿದಂತಿತ್ತು. ಇಂಥ ಸಣ್ಣ ತೊಂದರೆ ನೂರರಲ್ಲಿ ಏಳೆಂಟು ಜನಕ್ಕೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು, ತೊಡೆಮೂಳೆಯ ಕುತ್ತಿಗೆ ಮುರಿಯುವುದು, ಒಳಗೆ ಬಿಡುವ ನೀರು ಹೊಟ್ಟೆಗೆ ಸೇರುವುದು, ಇಂಥ ದೊಡ್ಡ ತೊಂದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಈ ಕೆಲಸ ಕಲಿಯುವುದು ಕಷ್ಟ. ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ.

ಎಲ್ಲರಿಗೂ ಇದು ಆಗಿಬರುವುದಿಲ್ಲ. ಕೀಲು ಆಗಲೇ ಸವೆದು, ಮೂಳೆಗಳ ನಡುವಿನ ಜಾಗ ಎರಡು ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಕೀಹೋಲ್‌ನಿಂದ ಲಾಭ ತೀರಾ ಕಡಿಮೆ. ಬಟ್ಟಲೇ ಆಳವಿಲ್ಲದಿದ್ದರೆ ಕೀಲು ಇನ್ನಷ್ಟು ಸಡಿಲವಾಗುವ ಭಯ. ಚೆಂಡಿಗೆ ರಕ್ತ ನಿಂತುಹೋಗುವ ಕಾಯಿಲೆಯ ದಾರಿಯೇ ಬೇರೆ, ಅದಕ್ಕೆ ಎಂಆರ್‌ಐ ಬೇಕು. ಮೊದಲು ಮೂರು ತಿಂಗಳು ಸರಿಯಾದ ಫಿಸಿಯೋಥೆರಪಿ ಮಾಡಿಸಿದ್ದೀರಾ? ಬ್ರಿಟನ್ನಿನಲ್ಲಿ 348 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಪರೇಷನ್ ಆದವರಿಗೆ ಹೆಚ್ಚು ಗುಣ ಕಂಡಿತು, ನಿಜ. ಆದರೆ ಬರೀ ವ್ಯಾಯಾಮದವರಿಗೂ ಸುಧಾರಿಸಿತ್ತು.

ಈಗ ಎರಡೂ ಕಡೆಯ ಮಾತು. ಒಂದೇ ದಿನ ಮಾಡುವ ಅನುಭವಿ ಸರ್ಜನ್‌ಗಳಿದ್ದಾರೆ. ಆಯ್ದ ಎಳೆಯರಲ್ಲಿ ಅದು ಚೆನ್ನಾಗಿಯೇ ಆಗಿದೆ. ಒಂದೇ ಸಲ ಅನಸ್ತೇಶಿಯಾ, ಒಂದೇ ಬಿಲ್ಲು. ನಿಮ್ಮ ಡಾಕ್ಟರು ತಪ್ಪು ಹೇಳಿಲ್ಲ. ಆದರೂ ನಾನು ಬೇಡ ಅನ್ನುತ್ತೇನೆ, ಯಾಕೆಂದರೆ ಆಪರೇಷನ್ ಆದ ಕಾಲಿಗೆ ಕೆಲವು ವಾರ ಪೂರ್ತಿ ಭಾರ ಕೊಡುವಂತಿಲ್ಲ. ಎರಡೂ ಕಾಲು ಹಾಗಾದರೆ ಊರಿ ನಿಲ್ಲಲು ಯಾವ ಕಾಲಿದೆ?

ನಾನು ಆಪರೇಷನ್ ಮಾಡಿಸಿಕೊಂಡದ್ದು ಜುಲೈನಲ್ಲಿ. ನಮ್ಮ ಮನೆಗೆ ರಸ್ತೆಯಿಂದ ಹದಿನಾಲ್ಕು ಮೆಟ್ಟಿಲು, ಎಲ್ಲದರ ಮೇಲೂ ಪಾಚಿ. ನಾಲ್ಕನೇ ಮೆಟ್ಟಿಲಲ್ಲಿ ಊರುಗೋಲಿನ ರಬ್ಬರ್ ಜಾರಿತು. ಬಲಗಾಲು ಗಟ್ಟಿ ಇದ್ದದ್ದಕ್ಕೆ ಕಾಫಿಗಿಡ ಹಿಡಿದು ನಿಂತೆ. ಆ ಕ್ಷಣ ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಜೂನ್ ಯೋಚನೆ ದಯವಿಟ್ಟು ಬಿಡಿ. ಮಳೆ ಮುಗಿಯಲಿ. ಕಾಫಿ ಕುಯಿಲಿಗೆ ಅವನ ಕೈ ಬೇಕಿದ್ದರೆ ಅದೂ ಮುಗಿದು ಫೆಬ್ರವರಿ, ಮಾರ್ಚ್ ಆದರೂ ಪರವಾಗಿಲ್ಲ.

ಎಡಗಡೆ ಮೊದಲು ಮಾಡಿಸಿ. ಮೂರು ತಿಂಗಳಾದರೂ ಕಾಯಿರಿ. ಎಡಗಾಲು ಸರಿಯಾಗಿ, ಕುಂಟುವುದು ನಿಂತ ಮೇಲೆ ಬಲಗಡೆ ನೋವು ತಾನಾಗಿ ಇಳಿದವರೂ ಇದ್ದಾರೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಮಾಡಿಸಿದರೆ ವಾಪಸ್ ಬರುವಾಗ ಗಂಟೆಗೊಮ್ಮೆ ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ, ಪಾದ ಆಡಿಸುತ್ತಿರಲಿ. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೋಗಿ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ. ಬಲಗಡೆ ಅವನಿಗೆ ನಿಜವಾಗಿ ಎಷ್ಟು ನೋಯುತ್ತದೆ? ಅವನನ್ನೇ ಕೇಳಿ ಬರೆಯಿರಿ.

– ಸಂ.