ಮಂಡಿ ಕೀಲಿಗೆ ಫಂಗಸ್ ಹತ್ತಿದರೆ ಮಾತ್ರೆ ಸಾಲದೇ?

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ತಂದೆಗೆ 72 ವರ್ಷ. ಶುಗರ್ ಇದೆ. ಎರಡು ವರ್ಷದ ಹಿಂದೆ ಮಂಡಿ ಬದಲಿಸುವ ಆಪರೇಷನ್ ಆಗಿತ್ತು. ಈಚೆಗೆ ಮಂಡಿ ಊದಿಕೊಂಡಿತು. ನೀರು ತೆಗೆದು ಪರೀಕ್ಷೆ ಮಾಡಿಸಿದರೆ ಕ್ಯಾಂಡಿಡಾ ಅನ್ನುವ ಫಂಗಸ್ ಬಂದಿದೆ. ಈಗ ಹಾಕಿದ ಕೀಲನ್ನೇ ತೆಗೆಯಬೇಕು, ಆಮೇಲೆ ಹೊಸದು ಹಾಕಬೇಕು ಅನ್ನುತ್ತಾರೆ. ನನ್ನ ಹೆಂಡತಿಗೆ ಇದೇ ಕ್ಯಾಂಡಿಡಾ ಒಂದೇ ಮಾತ್ರೆಗೆ ವಾಸಿಯಾಗಿತ್ತು. ಇದು ಬಿಲ್ ಏರಿಸುವ ದಾರಿ ಅಲ್ವಾ? ಆಪರೇಷನ್ ಆಗುವ ತನಕ ಮನೆಯಲ್ಲಿ ಉಳಿದಿರುವ ಅದೇ ಮಾತ್ರೆ, ಫ್ಲುಕೋನಜೋಲ್, ಕೊಡಬಹುದಾ?"

ಸ್ವಾಮಿ, ನಿಮ್ಮ ಸಂಶಯ ಸಹಜ. ಎರಡೆರಡು ಆಪರೇಷನ್ ಅಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ನಿಮ್ಮ ಡಾಕ್ಟರು ಹೊಸದೇನೂ ಹೇಳಿಲ್ಲ. ಅಮೆರಿಕದ ಸೋಂಕು ರೋಗ ತಜ್ಞರ ಸಂಘ 2016ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಇದೇ ಮಾತಿದೆ: ಕೃತಕ ಕೀಲಿಗೆ ಕ್ಯಾಂಡಿಡಾ ಹತ್ತಿದರೆ ಕೀಲು ತೆಗೆಯಬೇಕು, ಔಷಧಿಯನ್ನೂ ಕೊಡಬೇಕು.

ನಿಮ್ಮ ಮನೆಯವರಿಗೆ 150 ಮಿಲಿಗ್ರಾಂನ ಒಂದು ಮಾತ್ರೆ ಸಾಕಾಯಿತು, ಯಾಕೆಂದರೆ ಅಲ್ಲಿ ಫಂಗಸ್ ಕೂತಿದ್ದದ್ದು ಮೈಯ ಜೀವಂತ ಒಳಪೊರೆಯ ಮೇಲೆ. ಅಲ್ಲಿ ರಕ್ತ ಓಡಾಡುತ್ತದೆ. ಔಷಧಿ ತಲುಪುತ್ತದೆ, ಮೈಯ ರಕ್ಷಣೆಯ ಕಣಗಳೂ ತಲುಪುತ್ತವೆ. ಮಂಡಿಯೊಳಗಿರುವುದು ಲೋಹ ಮತ್ತು ಪ್ಲಾಸ್ಟಿಕ್. ಅದಕ್ಕೆ ರಕ್ತನಾಳ ಎಲ್ಲಿಂದ ಬರಬೇಕು?

ಇನ್ನೂ ದೊಡ್ಡ ತೊಡಕು ಬಯೋಫಿಲ್ಮ್‌ನದು. ನೀರಿನ ತೊಟ್ಟಿಯ ಕಲ್ಲಿಗೆ ಪಾಚಿ ಕಟ್ಟುತ್ತದಲ್ಲ, ಹಾಗೆ ಕ್ಯಾಂಡಿಡಾ ಲೋಹಕ್ಕೆ ಅಂಟಿಕೊಂಡು ಪದರ ಪದರವಾಗಿ ಬೆಳೆಯುತ್ತದೆ. ಸುತ್ತಲೂ ಲೋಳೆಯಂಥ ಒಂದು ಹೊದಿಕೆ ಮಾಡಿಕೊಳ್ಳುತ್ತದೆ. ಈ ಹೊದಿಕೆಯಲ್ಲಿ ಗ್ಲೂಕನ್ ಅನ್ನುವ ವಸ್ತು ಇದೆ. ಫ್ಲುಕೋನಜೋಲ್ ಬಂದರೆ ಅದನ್ನು ಇದು ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ಜೀವಕೋಶದ ತನಕ ಬಿಡುವುದಿಲ್ಲ. ಒಳಗೆ ಹೋದಷ್ಟನ್ನೂ ಜೀವಕೋಶಗಳು ಪಂಪ್ ಮಾಡಿ ಹೊರಗೆ ತಳ್ಳುತ್ತವೆ. ಇನ್ನು ಕೆಲವು ಸುಮ್ನೆ ಮಲಗಿಬಿಡುತ್ತವೆ. ಬೆಳೆಯುವುದನ್ನು ತಡೆಯುವ ಔಷಧಿ, ಬೆಳೆಯದೆ ಮಲಗಿದ್ದಕ್ಕೆ ಏನು ಮಾಡೀತು? ಔಷಧಿ ನಿಲ್ಲಿಸಿದ ಮೇಲೆ ಅವು ಮತ್ತೆ ಎದ್ದೇಳುತ್ತವೆ. ಇದರಿಂದಲೇ ಊತ ಇಳಿದು, ಎಲ್ಲ ಸರಿಹೋಯಿತು ಅಂದುಕೊಂಡವರಿಗೆ ಕೆಲವು ತಿಂಗಳಲ್ಲಿ ಕಾಯಿಲೆ ಮರುಕಳಿಸುವುದು.

ಹಾಗಾದರೆ ಬಯೋಫಿಲ್ಮ್ ಮುರಿಯುವ ಔಷಧಿಯೇ ಇಲ್ವಾ? ಸ್ವಲ್ಪ ಮಟ್ಟಿಗೆ ಇದೆ. ಕ್ಯಾಸ್ಪೋಫಂಜಿನ್, ಮೈಕಾಫಂಜಿನ್, ಅನಿಡುಲಾಫಂಜಿನ್ ಅಂತ ಒಂದು ಗುಂಪಿದೆ. ಫಂಗಸ್ ತನ್ನ ಗೋಡೆಗೆ ಗ್ಲೂಕನ್ ತಯಾರಿಸುವುದನ್ನೇ ಇವು ನಿಲ್ಲಿಸುತ್ತವೆ. ಹಾಗಾಗಿ ಬಯೋಫಿಲ್ಮ್ ಮೇಲೂ ಕೆಲಸ ಮಾಡುತ್ತವೆ. ಆದರೆ ಮಾತ್ರೆಯಾಗಿ ಸಿಗುವುದಿಲ್ಲ, ದಿನಾ ಡ್ರಿಪ್‌ನಲ್ಲೇ ಕೊಡಬೇಕು. ಇನ್ನೊಂದು ಲೈಪೋಸೋಮಲ್ ಆಂಫೋಟೆರಿಸಿನ್ ಬಿ. 2021ರಲ್ಲಿ ಕಪ್ಪು ಫಂಗಸ್ ಬಂದಾಗ ನಮ್ಮ ರಾಜ್ಯದಲ್ಲಿ ಇದಕ್ಕಾಗಿ ಜನ ಅಂಗಡಿಯಿಂದ ಅಂಗಡಿಗೆ ಅಲೆದದ್ದು ನೆನಪಿರಬೇಕು. ಅದು ಬೇರೆ ಫಂಗಸ್, ಔಷಧಿ ಮಾತ್ರ ಇದೇ. ಶಕ್ತಿ ಜಾಸ್ತಿ, ಕಿಡ್ನಿಗೆ ಪೆಟ್ಟೂ ಜಾಸ್ತಿ. ಶುಗರ್ ಇರುವವರಿಗೆ ಕೊಡುವಾಗ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಅಳತೆ), ಪೊಟ್ಯಾಸಿಯಂ ಪದೇ ಪದೇ ನೋಡಲೇಬೇಕು. ಇಷ್ಟೆಲ್ಲ ಇದ್ದರೂ ಕೀಲು ಅಲ್ಲೇ ಬಿಟ್ಟು ಇವನ್ನಷ್ಟೇ ನಂಬುವುದು ಕಷ್ಟ.

ಹಾಸ್ಪಿಟಲ್‌ನಲ್ಲಿ ನೀವು ಒತ್ತಿ ಕೇಳಬೇಕಾದದ್ದು ಬೇರೆ ಇದೆ. "ಕ್ಯಾಂಡಿಡಾ ಅಂದ್ರಿ, ಯಾವ ಕ್ಯಾಂಡಿಡಾ?" ಕ್ಯಾಂಡಿಡಾ ಆಲ್ಬಿಕನ್ಸ್ ಸಾಮಾನ್ಯವಾಗಿ ಫ್ಲುಕೋನಜೋಲ್‌ಗೆ ಬಗ್ಗುತ್ತದೆ. ಪ್ಯಾರಾಪ್ಸಿಲೋಸಿಸ್ ಅನ್ನುವ ಇನ್ನೊಂದು ಜಾತಿಗೆ ಪ್ಲಾಸ್ಟಿಕ್ ನಳಿಕೆ ಅಂದರೆ ಬಲು ಇಷ್ಟ. 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಲ್ಲಿ ಮೊದಲು ಗುರುತಿಸಿದ ಕ್ಯಾಂಡಿಡಾ ಆರಿಸ್ ಈಗ ಭಾರತದ ಐಸಿಯುಗಳಲ್ಲೂ ಇದೆ. ಅದರ ಬಹುಪಾಲು ತಳಿಗಳಿಗೆ ಫ್ಲುಕೋನಜೋಲ್ ತಾಗುವುದೇ ಇಲ್ಲ. ಕೆಲವು ಹಳೆಯ ಯಂತ್ರಗಳು ಆರಿಸ್ ಅನ್ನು ಬೇರೆ ಹೆಸರಿನಿಂದ ತಪ್ಪಾಗಿ ತೋರಿಸುತ್ತಿದ್ದವು. ಆದ್ದರಿಂದ ಜಾತಿಯ ಹೆಸರು, ಯಾವ ಔಷಧಿಗೆ ಸಾಯುತ್ತದೆ ಅನ್ನುವ ಸೆನ್ಸಿಟಿವಿಟಿ ರಿಪೋರ್ಟ್, ಎರಡೂ ಕೈಯಲ್ಲಿರಲಿ. ಬಿಲ್ ಬಗ್ಗೆ ಜಗಳ ಆಡುವುದಕ್ಕಿಂತ ಈ ರಿಪೋರ್ಟಿಗೆ ಹಟ ಹಿಡಿಯುವುದು ಮೇಲು ಅಂತ ನನ್ನ ಅಭಿಪ್ರಾಯ. ಇನ್ನೊಬ್ಬ ಮೂಳೆ ತಜ್ಞರ ಮಾತನ್ನೂ ಕೇಳಿ, ತಪ್ಪೇನಿಲ್ಲ. ಕೃತಕ ಕೀಲಿನ ಸೋಂಕುಗಳಲ್ಲಿ ಫಂಗಸ್‌ನದು ನೂರರಲ್ಲಿ ಒಂದರ ಆಸುಪಾಸು. ಎಲ್ಲ ಡಾಕ್ಟರಿಗೂ ಇದನ್ನು ಕಂಡ ಅನುಭವ ಇರುವುದಿಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊದಲು ಕೀಲು ತೆಗೆದು, ಜಾಗ ತೊಳೆದು, ಸಿಮೆಂಟಿನ ತಾತ್ಕಾಲಿಕ ತುಂಡು ಇಡುತ್ತಾರೆ. ಕನಿಷ್ಠ 6 ವಾರ ಫಂಗಸ್ ಔಷಧಿ ನಡೆಯುತ್ತದೆ. ಶುರುವಿನಲ್ಲಿ ಡ್ರಿಪ್, ಆಮೇಲೆ ಸೆನ್ಸಿಟಿವಿಟಿ ಒಪ್ಪಿದರೆ ಮಾತ್ರೆ. ಸೋಂಕು ಹೋಯಿತು ಅಂತ ಖಚಿತವಾದ ಮೇಲೆ ಹೊಸ ಕೀಲು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಮನೆಯಲ್ಲಿ ಎಲ್ಲರೂ ತಯಾರಿರಿ. ಶುಗರ್ ಹತೋಟಿಯಲ್ಲಿಡುವುದು ಇವತ್ತಿನಿಂದಲೇ ನಿಮ್ಮ ಕೈಯಲ್ಲಿರುವ ಕೆಲಸ.

ತಂದೆಯವರ ಹೃದಯ, ಶ್ವಾಸಕೋಶ ಆಪರೇಷನ್ ತಾಳಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ? ಆಗ ಕೀಲು ಬಿಟ್ಟು, ಫ್ಲುಕೋನಜೋಲ್ ಕೆಲಸ ಮಾಡುವ ಫಂಗಸ್ ಆಗಿದ್ದರೆ ಅದನ್ನೇ ವರ್ಷಗಟ್ಟಲೆ ಕೊಟ್ಟು ಸೋಂಕನ್ನು ಅದುಮಿಡುತ್ತಾರೆ. ಅದು ಗುಣ ಮಾಡುವ ಚಿಕಿತ್ಸೆ ಅಲ್ಲ. ಆದರೂ ಕೆಲವರಿಗೆ ಅದೇ ಸರಿಯಾದ ದಾರಿ. ನಿಮ್ಮ ತಂದೆಗೆ ಯಾವುದು ಅನ್ನುವುದನ್ನು ಅವರನ್ನು ಮುಟ್ಟಿ ನೋಡಿದವರೇ ಹೇಳಬೇಕು.

ಕೊನೆಯ ಪ್ರಶ್ನೆಗೆ ಉತ್ತರ: ಬೇಡ, ದಯವಿಟ್ಟು ಕೊಡಬೇಡಿ. ಆಪರೇಷನ್ ವೇಳೆ ಮಂಡಿಯೊಳಗಿಂದ ಹಲವು ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅರೆಬರೆ ಮಾತ್ರೆ ನುಂಗಿದ್ದರೆ ಅದರಲ್ಲಿ ಫಂಗಸ್ ಬೆಳೆಯದೇ ಹೋಗಬಹುದು, ರಿಪೋರ್ಟ್ ದಾರಿ ತಪ್ಪಿಸುತ್ತದೆ. ಎರಡನೆಯದಾಗಿ, ಫ್ಲುಕೋನಜೋಲ್ ಬೇರೆ ಮಾತ್ರೆಗಳ ಜೊತೆ ಸುಮ್ಮನಿರುವುದಿಲ್ಲ. ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವವಾಗಬಹುದು. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ. ಯಾವ ದಿನದಿಂದ, ಎಷ್ಟು ಮಾತ್ರೆ ಅಂತ ಒಂದು ಚೀಟಿಯಲ್ಲಿ ಬರೆದು, ಶುಗರ್ ಮಾತ್ರೆಯ ಪಟ್ಟಿಯ ಜೊತೆ ನಾಳೆಯೇ ಡಾಕ್ಟರ ಕೈಗೆ ಕೊಡಿ.

– ಸಂಪಾದಕ